ಹೊಟ್ಟೆಗೂ ನರಕ್ಕೂ ನಂಟು

(ಕಂದಿಕೆರೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಎಲ್ಲರೂ ಬಂದು ಕೂತಿದ್ದೀರಿ. ಸಂತೋಷ. ತೋಟದ ಕೆಲಸ ಮುಗಿಸಿ ಬಂದವರಿದ್ದೀರಿ. ಹಾಲು ಕರೆದು ಡೇರಿಗೆ ಹಾಕಿ ಬಂದವರಿದ್ದೀರಿ. ಇವತ್ತು ಪಾಠ ಬೇಡ. ಸ್ಲೇಟು, ಬಳಪ ಪಕ್ಕಕ್ಕೆ ಇಡಿ. ಇವತ್ತು ನಾವು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಹೆಸರು ಬೇಡ. ವಯಸ್ಸು ನಲವತ್ತರ ಆಸುಪಾಸು. ಮೊದಲ ಮೂರು ತಿಂಗಳು ಬಲು ಚುರುಕು. ತನ್ನ ಹೆಸರು ಬರೆದರು. ಊರ ಹೆಸರು ಬರೆದರು. ಬಸ್ಸಿನ ಬೋರ್ಡು ಓದಿ ಹುಳಿಯಾರಿಗೆ ಒಬ್ಬರೇ ಹೋಗಿ ಬಂದರು. ಆಮೇಲೆ ಏನಾಯಿತೋ, ಕಲಿತದ್ದನ್ನು ಮರೆಯತೊಡಗಿದರು. ಬಳಪ ಕೈಯಿಂದ ಜಾರುತ್ತಿತ್ತು. ಎರಡು ಸಲ ಹೇಳಿದರೆ ಸಿಡುಕುತ್ತಿದ್ದರು. ಕೊನೆಗೆ ಬರೋದನ್ನೇ ಬಿಟ್ಟರು.

ನಾವೇನು ಅಂದುಕೊಂಡೆವು? "ಮನೇಲಿ ಪುಸ್ತಕ ತೆಗೆಯಲ್ಲ. ಆಸಕ್ತಿ ಹೋಯಿತು" ಅಂದುಕೊಂಡೆವು. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದೆವು. ಎರಡು ತಿಂಗಳು ಹೀಗೇ ಕಳೆಯಿತು. ಆಮೇಲೆ ಒಂದು ಸಂಜೆ ಅವರ ಮನೆಗೆ ಹೋದೆವು.

ಆ ಅಕ್ಕ ಹೇಳಿದ್ದು ಇದು: "ಕತ್ತಲಾದರೆ ಕಾಲು ಎಲ್ಲಿಡ್ತೀನಿ ಅಂತ ಗೊತ್ತಾಗಲ್ಲ ಮೇಡಂ. ಹಗಲೊತ್ತು ನೆಲ ನೋಡ್ಕಂಡು ನಡೀತೀನಿ. ರಾತ್ರಿ ಹೆಂಗೆ ಬರ್ಲಿ? ಅರಳೆ ಮ್ಯಾಲೆ ನಡೆದಂಗಾಯ್ತದೆ. ಮೊನ್ನೆ ತೋಟದಿಂದ ಬರೋವಾಗ ಒಂದು ಚಪ್ಪಲಿ ದಾರೀಲೇ ಬಿದ್ದೋಗಿದೆ. ನಂಗೆ ಗೊತ್ತೇ ಇಲ್ಲ. ಮನೆಗೆ ಬಂದ ಮ್ಯಾಲೆ ಮಗಳು ನೋಡಿ ನಕ್ಕಳು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ರೆ ಬಿದ್ದೇ ಹೋಗ್ತೀನಿ ಅನ್ನಂಗಾಯ್ತದೆ."

ಮಗಳು ನಕ್ಕಳು. ನಾವು ನಗಲಿಲ್ಲ. ಆದರೆ ನಮಗೂ ಏನೂ ತಿಳಿಯಲಿಲ್ಲ.

ಮಾತಾಡುತ್ತಾ ಹೋದಂತೆ ಹೊಟ್ಟೆಯ ವಿಷಯ ಬಂತು. ಎರಡು ವರ್ಷದಿಂದ ಭೇದಿ. ನಾಲ್ಕು ದಿನ ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಉಂಡದ್ದು ಮೈಗೆ ಹತ್ತಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತೆ ಅಂತ ಹಾಲು ಬಿಟ್ಟರು. ಅವರಿವರು ಹೇಳಿದರು ಅಂತ ಮೊಸರೂ ಬಿಟ್ಟರು. ಮನೆಯಲ್ಲಿ ಮಾಂಸ, ಮೊಟ್ಟೆ ಮಾಡುವುದಿಲ್ಲ. ಉಳಿದದ್ದು ಗಂಜಿ, ತಿಳಿಸಾರು. ಅದರ ಜೊತೆಗೆ ದಿನಾ ಬೆಳಿಗ್ಗೆ ಒಂದು ಗ್ಯಾಸ್ ಮಾತ್ರೆ. ನಾಲಿಗೆ ಕೆಂಪಗೆ ನುಣ್ಣಗೆ ಆಗಿತ್ತು. ಖಾರ ತಾಗಿದರೆ ಕಣ್ಣಲ್ಲಿ ನೀರು. ಕೈಬೆರಳ ಗೆಣ್ಣುಗಳು ಕಪ್ಪಾಗಿದ್ದವು.

ಹೊಟ್ಟೆಗೆ ಕಷಾಯ ಕುಡಿಯುತ್ತಿದ್ದರು. ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. "ವಾಯು" ಅಂದವರಿದ್ದರು. "ಯಾರೋ ಮಾಡಿಸಿದಾರೆ" ಅಂದು ತಾಯಿತ ಕಟ್ಟಿಸಿದವರೂ ಇದ್ದರು. ಹೊಟ್ಟೆಯದು ಬೇರೆ ಕಾಯಿಲೆ, ಕಾಲಿನದು ಬೇರೆ ಕಾಯಿಲೆ, ಮರೆವು ವಯಸ್ಸಿನದು ಅಂತ ಎಲ್ಲರೂ ತಿಳಿದಿದ್ದರು. ನಾವೂ ಹಾಗೇ ತಿಳಿದಿದ್ದೆವು. ಮೂರೂ ಒಂದೇ ಕಾಯಿಲೆ ಅಂತ ತಿಳಿದದ್ದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆದ ಮೇಲೆ.

ಅದು ಹೇಗೆ? ನಮ್ಮ ತೋಟದಿಂದಲೇ ಶುರು ಮಾಡೋಣ.

ತೆಂಗಿಗೆ ಅಣಬೆ ರೋಗ ಬರುತ್ತಲ್ಲ, ನೀವೆಲ್ಲ ನೋಡಿದ್ದೀರಿ. ರೋಗ ಹಿಡಿಯೋದು ಬೇರಿಗೆ. ಆದರೆ ನಮ್ಮ ಕಣ್ಣಿಗೆ ಕಾಣೋದು ಏನು? ಮೇಲೆ ಗರಿ ಜೋತು ಬೀಳುತ್ತೆ. ಕಾಯಿ ಸಣ್ಣಗಾಗುತ್ತೆ. ಸುಳಿ ಸೊರಗುತ್ತೆ. ಬುಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಬೇರು ಕೊಳೆತಿದ್ದರೆ ಅದು ಮೇಲಕ್ಕೆ ಏರುವುದಿಲ್ಲ. ನಮ್ಮ ದೇಹಕ್ಕೆ ಬೇರು ಅಂದರೆ ಕರುಳು. ಸುಳಿ ಅಂದರೆ ಮಿದುಳು.

ನಮ್ಮ ಹೊಟ್ಟೆಯಲ್ಲಿ ಸಣ್ಣ ಕರುಳು ಸುಮಾರು 20 ಅಡಿ ಉದ್ದ ಇದೆ. ಸುತ್ತಿಕೊಂಡು ಕೂತಿದೆ. ಅದರ ಒಳಮೈ ಟರ್ಕಿ ಟವೆಲ್ಲಿನ ಹಾಗೆ. ಸಣ್ಣ ಸಣ್ಣ ಎಳೆ ಎದ್ದು ನಿಂತಿರುತ್ತೆ. ಆ ಎಳೆಗಳೇ ಅನ್ನದ ಸಾರವನ್ನು ಹೀರುವುದು. ಬಹಳ ದಿನ ಭೇದಿ ಆದರೆ, ಕರುಳಿಗೆ ಕಾಯಿಲೆ ಬಂದರೆ, ಆ ಎಳೆ ಸವೆದು ಹೋಗುತ್ತವೆ. ಹಳೇ ಟವೆಲ್ಲು ನೀರು ಹೀರುತ್ತಾ? ಇಲ್ಲ ಅಲ್ವಾ? ಇದೂ ಹಾಗೇ. ಉಂಡವರು ಉಂಡಿರುತ್ತಾರೆ. ಮೈ ಮಾತ್ರ ಉಪವಾಸ.

ಸರಿ, ಮೈ ಸೊರಗಿದರೆ ತೂಕ ಇಳಿಯಬೇಕು. ಕಾಲು ಯಾಕೆ ಜೋಮು ಹಿಡಿಯಬೇಕು?

ಬೋರ್‌ವೆಲ್ ಮೋಟರಿಗೆ ವೈರು ಎಳೆದಿರುತ್ತೀರಿ. ವೈರಿನ ಒಳಗೆ ತಂತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಇಲಿ ಆ ಹೊದಿಕೆ ಕಡಿದರೆ ಏನಾಗುತ್ತೆ? ತಂತಿ ಇದ್ದೇ ಇದೆ. ಆದರೆ ಕರೆಂಟು ಸರಿಯಾಗಿ ಹೋಗಲ್ಲ. ನಮ್ಮ ನರಗಳಿಗೂ ಅಂಥದೇ ಒಂದು ಹೊದಿಕೆ ಇದೆ. ಆ ಹೊದಿಕೆ ಗಟ್ಟಿಯಾಗಿ ಇರಬೇಕಾದರೆ ಬಿ-12 ಎಂಬ ಜೀವಸತ್ವ ಬೇಕು. ವಿಟಮಿನ್ ಅಂತಾರಲ್ಲ, ಅದೇ. ಅದು ಇಲ್ಲದಿದ್ದರೆ ಹೊದಿಕೆ ಸವೆಯುತ್ತೆ. ಎರಡೂ ಪಾದದಲ್ಲಿ ಜೋಮು ಶುರುವಾಗುತ್ತೆ. ಇರುವೆ ಹರಿದ ಹಾಗೆ, ಸೂಜಿ ಚುಚ್ಚಿದ ಹಾಗೆ ಆಗುತ್ತೆ. ಆಮೇಲೆ ಬೆನ್ನುಹುರಿಗೆ ತಾಗುತ್ತೆ. ನೆಲ ಎಲ್ಲಿದೆ, ಕಾಲು ಎಲ್ಲಿದೆ ಅನ್ನೋ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ. ಕಣ್ಣು ತೆರೆದಿರುವಾಗ ನಡೆಯಬಹುದು. ಕಣ್ಣು ಮುಚ್ಚಿದರೆ, ಕತ್ತಲಾದರೆ ವಾಲಾಡುತ್ತೆ. ಮಿದುಳಿಗೇ ತಾಗಿದಾಗ ಮರೆವು, ಸಿಡುಕು, ಮಂಕು. ಚಪ್ಪಲಿ ಯಾಕೆ ಬಿತ್ತು, ಕಲಿತ ಅಕ್ಷರ ಯಾಕೆ ಹೋಯಿತು ಅಂತ ಈಗ ಗೊತ್ತಾಯಿತಲ್ಲ.

ಈ ಬಿ-12 ನಮಗೆ ಬೇಕಾಗಿರೋದು ಎಷ್ಟು ಅಂತೀರಿ? ದಿನಕ್ಕೆ ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ಗ್ರಾಂ ಸಾಮಾನನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಕಣ್ಣಿಗೂ ಕಾಣಲ್ಲ. ಅಷ್ಟೇ ಅಷ್ಟು. ಅದಿಲ್ಲದೆ ಆಳು ಬೀಳುತ್ತಾರೆ.

ನಮ್ಮ ಕಡೆಯ ಊಟ ಒಳ್ಳೆಯ ಊಟ. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ, ಹೆಸರುಕಾಳು. ಯಾರೂ ಬಿಡಬೇಡಿ. ಆದರೆ ಬಿ-12 ರಾಗಿಯಲ್ಲಿ ಇಲ್ಲ. ಸೊಪ್ಪಿನಲ್ಲಿ ಇಲ್ಲ. ತೆಂಗಿನಕಾಯಿಯಲ್ಲಿ ಇಲ್ಲ, ಕೊಬ್ಬರಿಯಲ್ಲೂ ಇಲ್ಲ. ಅದನ್ನು ತಯಾರಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಹಸು ಎಮ್ಮೆಯ ಹೊಟ್ಟೆಯಲ್ಲಿ ಆ ಜೀವಿಗಳು ಇವೆ. ಅಲ್ಲಿಂದ ಅದು ಹಾಲಿಗೆ ಬರುತ್ತೆ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ. ಇಷ್ಟರಲ್ಲೇ ಅದು ಸಿಗೋದು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತೆ.

ಈಗ ಒಂದು ಮಾತು ಕೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಹಸು ಬೆಳಿಗ್ಗೆ ಐದು ಲೀಟರ್ ಕರೆಯುತ್ತೆ ಅಂತಿಟ್ಟುಕೊಳ್ಳಿ. ಡೇರಿಗೆ ಎಷ್ಟು ಹೋಗುತ್ತೆ? ಟೀಗೆ ಎಷ್ಟು ಉಳಿಯುತ್ತೆ? ಗಂಡಸರಿಗೆ, ಮಕ್ಕಳಿಗೆ ಮೊಸರು ಬಡಿಸಿದ ಮೇಲೆ ನಿಮ್ಮ ತಟ್ಟೆಗೆ ಬರೋದು ಏನು? ಮಡಕೆ ತೊಳೆದ ನೀರಿನಂಥ ಮಜ್ಜಿಗೆ. ಹುಲ್ಲು ತರುವವರು ನೀವು, ಸಗಣಿ ಬಾಚುವವರು ನೀವು, ಕರೆಯುವವರೂ ನೀವು. ಮೇಯಿಸಿದ ಕೈಗೆ ಒಂದು ಲೋಟ ಹಾಲಿಲ್ಲ. ಡೇರಿ ದುಡ್ಡು ಬೇಡ ಅಂತ ನಾವು ಹೇಳುವುದಿಲ್ಲ. ಸ್ಕೂಲ್ ಫೀಸು, ಸಂಘದ ಕಂತು ಎಲ್ಲ ಅದರಿಂದಲೇ ಕಟ್ಟಬೇಕು, ಗೊತ್ತು. ಆದರೂ ಕ್ಯಾನಿಗೆ ಸುರಿಯೋ ಮೊದಲು ನಿಮ್ಮ ಪಾಲು ಎತ್ತಿಡಿ. ಉಳಿದರೆ ಕುಡಿಯೋಣ ಅಂದರೆ ಅದು ಉಳಿಯಲ್ಲ.

ಇನ್ನೂ ಒಂದು ತೊಡಕು ಇದೆ. ಬಿ-12 ಒಂಟಿಯಾಗಿ ಮೈಗೆ ಸೇರುವುದಿಲ್ಲ. ಅದಕ್ಕೆ ಒಬ್ಬ ಜೊತೆಗಾರ ಬೇಕು. ಆ ಜೊತೆಗಾರ ಹುಟ್ಟುವುದು ಜಠರದಲ್ಲಿ. ಅವನು ಅದರ ಕೈ ಹಿಡಿದುಕೊಂಡು ಸಣ್ಣ ಕರುಳಿನ ಕೊನೆಯವರೆಗೂ ಹೋಗಬೇಕು. ಅಲ್ಲಿ ಮಾತ್ರ ಬಾಗಿಲು ತೆರೆಯೋದು. ಜಠರ ಸವೆದಿದ್ದರೆ ಜೊತೆಗಾರ ಇಲ್ಲ. ಕರುಳಿನ ತುದಿಗೆ ಕಾಯಿಲೆ ಬಂದಿದ್ದರೆ, ಆಪರೇಷನ್ನಿನಲ್ಲಿ ಅದನ್ನು ತೆಗೆದಿದ್ದರೆ ಬಾಗಿಲೇ ಇಲ್ಲ. ಗ್ಯಾಸ್ ಮಾತ್ರೆಯ ಕಥೆಯೂ ಇಲ್ಲೇ ಬರುತ್ತೆ. ಅದು ಜಠರದ ಹುಳಿಯನ್ನು ಕಡಿಮೆ ಮಾಡುತ್ತೆ. ಆ ಹುಳಿ ಇಲ್ಲದೆ ಊಟದಲ್ಲಿನ ಬಿ-12 ಬಿಡಿಸಿಕೊಂಡು ಹೊರಗೆ ಬರುವುದಿಲ್ಲ. ಹದಿನೈದು ದಿನ ತಗೊಳ್ಳಿ ಅಂತ ಡಾಕ್ಟರು ಕೊಟ್ಟದ್ದನ್ನು ನಾವು ಹತ್ತು ವರ್ಷ ನುಂಗುತ್ತೇವೆ. ಮೆಡಿಕಲ್ ಶಾಪಿನಲ್ಲಿ ಖಾಲಿ ಕವರು ತೋರಿಸಿದರೆ ಕೊಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ ಬಹಳ ವರ್ಷ ತಗೊಂಡರೆ ಬಿ-12 ಇಳಿಸಬಹುದು. ಹಾಗಂತ ಅದನ್ನು ಬಿಟ್ಟುಬಿಡಬೇಡಿ ಮತ್ತೆ. ಇಷ್ಟು ವರ್ಷದಿಂದ ತಗೊಳ್ತಿದ್ದೀನಿ, ಕಾಲು ಜೋಮು ಹಿಡಿಯುತ್ತೆ, ಬಿ-12 ನೋಡಬೇಕಾ ಅಂತ ಡಾಕ್ಟರನ್ನು ಕೇಳಿ.

ಇದು ಹೊಸ ಕಾಯಿಲೆ ಅಲ್ಲ. ನಮ್ಮ ಹಿರಿಯರು ಸಂಗ್ರಹಣಿ ಅನ್ನುತ್ತಿದ್ದರಲ್ಲ, ಬಿಟ್ಟೂ ಬಿಡದ ಭೇದಿ, ಅದನ್ನು ಇಂಗ್ಲಿಷ್ ವೈದ್ಯರು ಸ್ಪ್ರೂ ಅಂದರು. 1960ರಿಂದ 1962ರವರೆಗೆ ವೆಲ್ಲೂರಿನ ಸುತ್ತಲಿನ ಹಳ್ಳಿಗಳಲ್ಲಿ ಅದು ಸಾಂಕ್ರಾಮಿಕದ ಹಾಗೆ ಹಬ್ಬಿತು. ಸಾವಿರಾರು ಜನ ಸೊರಗಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಹಳ್ಳಿಹಳ್ಳಿಗೆ ಹೋಗಿ ನೋಡಿದರು. ಕರುಳು ಕೆಟ್ಟವರ ರಕ್ತದಲ್ಲಿ ಫೋಲಿಕ್ ಆಮ್ಲವೂ ಬಿ-12 ಕೂಡ ಕಡಿಮೆಯಾಗಿರುವುದನ್ನು ಕಂಡರು.

ಫೋಲಿಕ್ ಆಮ್ಲ ಅಂದಾಗ ಒಬ್ಬರನ್ನು ನೆನೆಯಬೇಕು. ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದವರು. ಅವರ ಇಬ್ಬರು ಸೋದರರು ಇದೇ ಸಂಗ್ರಹಣಿಯಿಂದ ತೀರಿಕೊಂಡರು. ಅದೂ ಕೆಲವೇ ದಿನಗಳ ಅಂತರದಲ್ಲಿ. ಅವರಿಗೂ ಆ ಕಾಯಿಲೆ ಬಂದಿತ್ತು, ಹೇಗೋ ಬದುಕಿಕೊಂಡರು. ಆಮೇಲೆ ಅಮೆರಿಕಕ್ಕೆ ಹೋದರು. ಅವರ ಜೊತೆಗಾರರ ತಂಡ 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿತು. ಬಸುರಿಯರಿಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಇದೆಯಲ್ಲ, ಅದರಲ್ಲಿ ಇರೋ ಇನ್ನೊಂದು ಔಷಧ ಅದೇ. ಮನೆಯ ಎರಡು ಹೆಣಗಳನ್ನು ನೋಡಿದವರು ಕಂಡುಕೊಂಡ ಮದ್ದು ನಮ್ಮೂರ ಬಸುರಿಯ ಕೈಗೆ ಬಂದಿದೆ.

ಆದರೆ ಇಲ್ಲೊಂದು ಎಚ್ಚರ. ಬಿ-12 ಕಡಿಮೆ ಇರುವವರು ಫೋಲಿಕ್ ಆಮ್ಲ ಮಾತ್ರ ತಗೊಂಡರೆ ರಕ್ತ ಸರಿಹೋಗಬಹುದು. ಮುಖಕ್ಕೆ ಕಳೆ ಬರಬಹುದು. ಒಳಗೆ ನರ ಮಾತ್ರ ಕೆಡುತ್ತಲೇ ಇರುತ್ತೆ. "ರಕ್ತ ಚೆನ್ನಾಗಿದೆ, ನಿನಗೇನೂ ಇಲ್ಲ" ಅಂತ ಮನೆಯವರು ಅನ್ನುತ್ತಾರೆ. ಕಾಲಿನ ಜೋಮು ಹೆಚ್ಚುತ್ತಾ ಹೋಗುತ್ತೆ. ಬಸುರಿಯರು ಆ ಮಾತ್ರೆ ನಿಲ್ಲಿಸಬಾರದು. ಅದು ಬೇಕೇ ಬೇಕು. ಜೋಮು ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು, ಅಷ್ಟೆ.

ಬಿ-12 ಈಲಿಯಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ವರ್ಷಗಟ್ಟಲೆ ಕೂಡಿಟ್ಟಿರುತ್ತೆ. ಕಣಜದಲ್ಲಿ ರಾಗಿ ಇದ್ದ ಹಾಗೆ. ಹೊಟ್ಟೆ ಕೆಟ್ಟು ಎರಡು ಮೂರು ವರ್ಷ ಆದ ಮೇಲೂ ಕಾಯಿಲೆ ಕಾಣಬಹುದು. ಅದಕ್ಕೇ ಜನ ಎರಡನ್ನೂ ಜೋಡಿಸಿ ನೋಡುವುದಿಲ್ಲ. ಬಿ-1 ಅಂತ ಇನ್ನೊಂದು ಜೀವಸತ್ವ ಇದೆ. ಥಯಾಮಿನ್ ಅನ್ನುತ್ತಾರೆ. ಅದಕ್ಕೆ ಕಣಜ ಇಲ್ಲ, ಸಣ್ಣ ಡಬ್ಬಿ ಮಾತ್ರ. ಎರಡು ಮೂರು ವಾರಕ್ಕೆ ಖಾಲಿ.

ಬಸುರಿ ಹೆಂಗಸರಿಗೆ ವಾಂತಿ ಸಹಜ. ಆದರೆ ಕೆಲವರಿಗೆ ಒಂದು ಗುಟುಕು ನೀರೂ ನಿಲ್ಲುವುದಿಲ್ಲ. ಎರಡು ವಾರ, ಮೂರು ವಾರ ಹೀಗೇ ಆದರೆ ಬಿ-1 ಬರಿದಾಗುತ್ತೆ. ಆಗ ಕಣ್ಣಗುಡ್ಡೆ ಅದುರುತ್ತೆ, ಒಂದು ಎರಡಾಗಿ ಕಾಣುತ್ತೆ. ನಡೆದರೆ ತೂರಾಡುತ್ತಾಳೆ. ಮಾತು ತಪ್ಪುತ್ತೆ, ಮನೆಯವರನ್ನೇ ಗುರುತಿಸಲ್ಲ. ನಮ್ಮ ಜನ ಏನಂತಾರೆ? "ಗಾಳಿ ಸೋಕಿದೆ" ಅಂತಾರೆ. ಮಂತ್ರ ಹಾಕಿಸೋಕೆ ಒಂದು ದಿನ ಹೋಗುತ್ತೆ. ಆ ಒಂದು ದಿನವೇ ಮುಖ್ಯ. ಇದಕ್ಕೆ ಇಂಜೆಕ್ಷನ್ ಇದೆ. ಬೇಗ ಸಿಕ್ಕರೆ ಉಳಿಯುತ್ತಾಳೆ. ತಡವಾದರೆ ಪ್ರಾಣಕ್ಕೇ ಬರಬಹುದು, ಇಲ್ಲವೇ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಇನ್ನೂ ಒಂದು. "ಸುಸ್ತಾಗಿದಾಳೆ, ಒಂದು ಗ್ಲೂಕೋಸ್ ಬಾಟ್ಲಿ ಹಾಕಿ" ಅಂತ ನಾವೇ ಹಟ ಹಿಡಿಯುತ್ತೇವೆ. ಬಿ-1 ಇಲ್ಲದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಇನ್ನೂ ತೊಂದರೆ. ಇಷ್ಟು ವಾರದಿಂದ ಊಟ ನಿಂತಿಲ್ಲ ಅಂತ ಮೊದಲೇ ಹೇಳಿದರೆ ಡಾಕ್ಟರು ಬಿ-1 ಮೊದಲು ಕೊಡುತ್ತಾರೆ. ಕುಡಿತಕ್ಕೆ ಬಿದ್ದು ಊಟ ಬಿಟ್ಟ ಗಂಡಸರಿಗೂ ಇದೇ ಗತಿ. ಆ ಮಾತು ಇನ್ನೊಂದು ದಿನ ಆಡೋಣ.

ಬಿ-1 ಇರೋದು ರಾಗಿಯಲ್ಲಿ, ಕಾಳಿನಲ್ಲಿ, ಅಕ್ಕಿಯ ತೌಡಿನಲ್ಲಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಹೆಚ್ಚು ಉಳಿಯಲ್ಲ. ಅದನ್ನೂ ನಾಲ್ಕು ಸಲ ಉಜ್ಜಿ ತೊಳೆದು, ಬಸಿದು ಗಂಜಿ ಚೆಲ್ಲಿದರೆ ಉಳಿದದ್ದೂ ಹೋಯಿತು. ನೂರು ವರ್ಷಕ್ಕೂ ಹಿಂದೆ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಾಕ್ಟರು ಇದ್ದರು. ಅವರ ಕೋಳಿಗಳು ಇದ್ದಕ್ಕಿದ್ದ ಹಾಗೆ ಕಾಲು ಸೋತು ಬೀಳತೊಡಗಿದವು. ಆಸ್ಪತ್ರೆ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ಅವಕ್ಕೆ ಹಾಕುತ್ತಿದ್ದರು. ಹೊಸ ಅಡುಗೆಯವನು ಬಂದ. ಸೈನಿಕರ ಅನ್ನ ಕೋಳಿಗೆ ಕೊಡಲ್ಲ ಅಂದ. ಕೋಳಿಗಳಿಗೆ ತೌಡು ಇರೋ ಒರಟು ಅಕ್ಕಿ ಬಂತು. ಕೋಳಿಗಳು ಎದ್ದು ಓಡಾಡಿದವು. ಆ ಜಿಪುಣ ಅಡುಗೆಯವನಿಂದ ಜಗತ್ತಿಗೇ ಉಪಕಾರವಾಯಿತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ.

ನಮ್ಮ ಬಾಣಂತಿ ಪಥ್ಯ ನೆನಪು ಮಾಡಿಕೊಳ್ಳಿ. ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಕಾಳು ಬೇಡ, ಸೊಪ್ಪು ಬೇಡ, ಮೊಸರು ಬೇಡ. ತಾಯಿಯಲ್ಲಿ ಇಲ್ಲದ್ದು ಎದೆಹಾಲಿಗೆ ಎಲ್ಲಿಂದ ಬರಬೇಕು? ಬಿ-1 ಇಲ್ಲದ ಎದೆಹಾಲು ಕುಡಿದ ಎರಡು ಮೂರು ತಿಂಗಳ ಕೂಸು ವಾಂತಿ ಮಾಡುತ್ತೆ, ಉಸಿರಿಗೆ ಕಷ್ಟಪಡುತ್ತೆ, ಅಳುವಿನ ದನಿಯೇ ಹೊರಡಲ್ಲ. ನಮ್ಮ ಕರ್ನಾಟಕದಲ್ಲೇ ವೈದ್ಯರು ಇಂಥ ಕೂಸುಗಳನ್ನು ಕಂಡಿದ್ದಾರೆ. ಬಿ-12 ಇಲ್ಲದ ತಾಯಿಯ ಕೂಸಿನದು ಬೇರೆ ಥರ. ನೋಡೋಕೆ ದುಂಡಗೇ ಇರಬಹುದು. ಆರು ತಿಂಗಳ ಮೇಲೆ ನಗೋದು ನಿಲ್ಲಿಸುತ್ತೆ. ಕತ್ತು ನಿಂತಿದ್ದ ಮಗು ಕತ್ತು ಜೋಲಿಸುತ್ತೆ. ಕೂದಲು ತೆಳ್ಳಗಾಗುತ್ತೆ, ಬೆರಳ ಗೆಣ್ಣು ಕಪ್ಪಾಗುತ್ತೆ, ಕೈ ತಲೆ ನಡುಗುತ್ತೆ. ಕಲಿತದ್ದನ್ನು ಮಗು ಮರೆಯುತ್ತಿದ್ದರೆ "ಆಮೇಲೆ ಸರಿಹೋಗುತ್ತೆ" ಅಂತ ಕಾಯಬೇಡಿ. ಎದೆಹಾಲು ನಿಲ್ಲಿಸಲೂ ಬೇಡಿ. ಮಗುವಿನ ಜೊತೆ ತಾಯಿಗೂ ಚಿಕಿತ್ಸೆ ಆಗಬೇಕು.

ಮೊದಲಿನ ಅಕ್ಕನ ಕಥೆ ಅರ್ಧಕ್ಕೆ ಬಿಟ್ಟೆವು. ಅವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ತುಮಕೂರಿಗೆ ಕರೆದುಕೊಂಡು ಹೋದೆವು. ಜೋಮು ಅಂದರೆ ಎಲ್ಲವೂ ಬಿ-12 ಅಲ್ಲ. ಸಕ್ಕರೆ ಕಾಯಿಲೆಗೂ ಬರುತ್ತೆ, ಕುಷ್ಠಕ್ಕೂ ಬರುತ್ತೆ. ಅದೆಲ್ಲ ನೋಡಿದ ಮೇಲೆ ಇದು ಗೊತ್ತಾಯಿತು. ಕರುಳಿಗೆ ಬೇರೆ ಚಿಕಿತ್ಸೆ ಕೊಟ್ಟರು. ಕರುಳು ಹೀರುವುದಿಲ್ಲ ಅಂದ ಮೇಲೆ ಬಿ-12 ಅನ್ನು ಇಂಜೆಕ್ಷನ್ನಿನಲ್ಲೇ ಕೊಡಬೇಕಾಯಿತು. ಮೊದಲು ದಿನಾ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ನಾಲಿಗೆ ಉರಿ ಕೆಲವೇ ದಿನಕ್ಕೆ ಹೋಯಿತು. ಮಂಕು ಎರಡು ತಿಂಗಳಲ್ಲಿ ಕಳೆಯಿತು. ನಡಿಗೆ ಸರಿಯಾಗಲು ಆರು ತಿಂಗಳು ಹಿಡಿಯಿತು. ಪಾದದ ಜೋಮು ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲವೇನೋ. ನರ ಬಹಳ ದಿನ ಸವೆದರೆ ಅಷ್ಟೂ ಮರಳಿ ಬರುವುದಿಲ್ಲ. ನಾವು ಗೈರು ಅಂತ ಬರೆದ ಆ ಎರಡು ತಿಂಗಳು ಇದರಲ್ಲಿ ಎಷ್ಟು ಪಾಲೋ ಅಂತ ನಮಗೆ ಆಗಾಗ ಅನ್ನಿಸುತ್ತೆ.

ಆಸ್ಪತ್ರೆಯಲ್ಲಿ ಮೊದಲ ಸಲ ಡಾಕ್ಟರು "ಏನಮ್ಮ ತೊಂದರೆ?" ಅಂದಾಗ ಆ ಅಕ್ಕ "ಕಾಲು ನೋವು" ಅಂದು ಸುಮ್ಮನಾದರು. ಹಿಂದೆ ಉದ್ದ ಸಾಲು. ನಾಚಿಕೆ ಬೇರೆ. ಭೇದಿ ಮಾತು ಗಂಡಸರ ಮುಂದೆ ಹೆಂಗೆ ಆಡೋದು? ಎರಡನೇ ಸಲ ಹೋಗುವಾಗ ನಾವು ಒಂದು ಉಪಾಯ ಮಾಡಿದೆವು. "ಹೇಳಬೇಡಿ, ಬರೆದುಕೊಂಡು ಹೋಗಿ" ಅಂದೆವು. ಬಳಪ ಹಿಡಿಯಲು ಆಗದ ಕೈ. ಅಕ್ಷರ ಅರ್ಧ ಮರೆತ ತಲೆ. ಒಂದು ಸಂಜೆ ಪೂರ್ತಿ ಕೂತು, ಮಗಳನ್ನು ಕೇಳಿ ಕೇಳಿ ಬರೆದರು. ಆ ಚೀಟಿ ನಮ್ಮ ಹತ್ತಿರ ಇದೆ. ಆ ಅಕ್ಕನನ್ನು ಕೇಳಿಯೇ ಓದುತ್ತಿದ್ದೇವೆ.

ಭೇದಿ 2 ವರ್ಸದಿಂದ.
ಹಾಲು ಮೊಸರು ಬಿಟ್ಟು 1 ವರ್ಸ.
ಗ್ಯಾಸ್ ಮಾತ್ರೆ ದಿನಾ 1.
ಎರಡು ಪಾದ ಜೋಮು. ಚಪ್ಪಲಿ ಬಿದ್ದರೆ ಗೊತ್ತಾಗಲ್ಲ.
ಕಲಿತಿದ್ದು ಮರೆತು ಹೋಯ್ತದೆ.

ಡಾಕ್ಟರು ಆ ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದು ರಕ್ತ ಪರೀಕ್ಷೆಗೆ ಬರೆದರು.